ತಂತಿ ಕಚ್ಚದ ದಿನ

ಬಟ್ಟೆ ಒಣಗಿಸುವ ತಂತಿಯನ್ನು ಅವಳು ಬರಿಗೈಯಲ್ಲಿ ಹಿಡಿದು ನಿಂತಳು. ಇವತ್ತು ಅದು ಕಚ್ಚಲಿಲ್ಲ. ಹಿತ್ತಲ ಬೇಲಿಯಾಚೆ ರೇಡಿಯೊ ಪ್ರಸಾರದ ಗೋಪುರವಿತ್ತು; ಅದರ ಅಲೆಗಳು ಜೋರಾದಾಗಲೆಲ್ಲ ಈ ತಂತಿ ಮುಟ್ಟಿದವರ ಕೈ ಸುಡುತ್ತಿತ್ತು. ಅಲ್ಲಿನ ಕಾವಲುಗಾರ, ತಪಾಸಣೆಯ ಜೀಪು ಬಂದಾಗಿನಿಂದಲೂ ಗೇಟಿನಲ್ಲೇ ನಿಂತು, ಬೀದಿಯಲ್ಲಿದ್ದ ಅದರ ಮೇಲೆ ಕಣ್ಣಿಟ್ಟಿದ್ದ.

“ನೋಡಿ ಅಮ್ಮ, ಮಿತಿಯ ಕಾಲುಭಾಗಾನೂ ಇಲ್ಲ,” ಎಂದು ಅಧಿಕಾರಿ ಅಲೆಗಳನ್ನು ಅಳೆಯುವ ಮೀಟರನ್ನು ಅವಳತ್ತ ತಿರುಗಿಸಿದ.

“ಮತ್ತೆ ನನ್ನ ಮಗಳ ಬೆರಳು ಸುಟ್ಟಿದ್ದು ಹೇಗೆ ಸಾರ್? ದಿನಾ ನಾನು ಕೋಲಲ್ಲೇ ಬಟ್ಟೆ ಹಾಕ್ತೀನಿ. ನೀವು ಬರೋದು ಆ ಗೋಪುರದವರಿಗೆ ಮೊದಲೇ ಗೊತ್ತಿತ್ತಾ?”

“ನೋಟಿಸ್ ಕೊಡದೆ ಬರೋ ಹಾಗಿಲ್ಲ.”

ಇವನೂ ಅವರ ಕಡೆಯವನೇ ಇರಬೇಕು ಎಂದುಕೊಂಡಳು. “ಹಾಗಾದ್ರೆ ಜೀಪನ್ನ ಕಳಿಸಿಬಿಡಿ. ನೀವು ಇಲ್ಲೇ ಇರಿ.”

ಹಠಮಾರಿ ಹೆಂಗಸು ಎಂದು ಗೊಣಗುತ್ತಲೇ ಅವನು ಡ್ರೈವರನಿಗೆ ಫೋನು ಮಾಡಿದ. ಅವಳು ತಂತಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. “ಯಾಕೆ, ಭಯಾನಾ?” ಎಂದು ನಕ್ಕ ಅಧಿಕಾರಿ, ತಾನೇ ತಂತಿಯ ಮೇಲೆ ಒಂದು ಕೈಯಿಟ್ಟುಕೊಂಡು, ಮೋಟುಗೋಡೆಯ ಮೇಲಿದ್ದ ವರದಿಗೆ ಇನ್ನೊಂದು ಕೈಯಲ್ಲಿ ಸಹಿ ಹಾಕತೊಡಗಿದ.

ಜೀಪಿನ ಸದ್ದು ತಿರುವಿನಾಚೆ ಅಡಗಿತು. ಕಾವಲುಗಾರ ಒಳಗೆ ಹೋದ. ಸಹಿ ಇನ್ನೂ ಅರ್ಧವಾಗಿತ್ತು, ಅಷ್ಟರಲ್ಲಿ ಅಧಿಕಾರಿ ಥಟ್ಟನೆ ಕೈ ಎಳೆದುಕೊಂಡು, ಥೇಟ್ ಅವಳ ಮಗಳ ಹಾಗೆ, ಬೆರಳನ್ನು ಬಾಯಿಗಿಟ್ಟುಕೊಂಡ. ಮೀಟರು ಒಂದೇ ಸಮನೆ ಕೂಗತೊಡಗಿತು.

ಅವಳು ಕೋಲೆತ್ತಿಕೊಂಡು ಒದ್ದೆ ಬಟ್ಟೆಯೊಂದನ್ನು ತಂತಿಗೆ ಹಾಕಿದಳು.

“ಈಗ ಬರೀರಿ ಸಾರ್,” ಎಂದಳು. ಅವಳ ಕಣ್ಣು ಇನ್ನೂ ಅವನ ಪೆನ್ನಿನ ಮೇಲೇ ಇತ್ತು.