ಮಸ್ಕಿ ದಾಟಿದ ಮೇಲೆ

ಮಸ್ಕಿ ದಾಟಿ ಲಿಂಗಸುಗೂರು ರಸ್ತೆ ಹಿಡಿಯುತ್ತಿದ್ದಂತೆ ಮಲ್ಲೇಶನ ಬಲಗಾಲು ಕಟ್ಟಿಗೆಯಂತೆ ಸೆಟೆದುಕೊಂಡಿತು. ಸಿಂಧನೂರಿನಿಂದ ಹೊರಟ ಮ್ಯಾರಥಾನ್ ಮುಗಿಯಲು ಇನ್ನೂ ಒಂಬತ್ತು ಕಿಲೋಮೀಟರ್ ಉಳಿದಿತ್ತು. ಅವನು ಬಗ್ಗಿ ಮೀನಖಂಡವನ್ನು ಎರಡೂ ಕೈಯಿಂದ ತಿಕ್ಕಿದ. ಎದೆ ಸೋತಿರಲಿಲ್ಲ, ಉಸಿರು ಹದವಾಗಿಯೇ ಇತ್ತು. ಆದರೆ ಪಾದ ಡಾಂಬರಿಗೆ ತಾಗಿದರೆ ಸಾಕು, ಮೊಣಕಾಲಿನವರೆಗೆ ನೋವು ಸಿಡಿಯುತ್ತಿತ್ತು. ಹನ್ನೊಂದು ವರ್ಷ ರಾಜ್ಯದ ತಂಡಕ್ಕೆ ಸೈಕಲ್ ತುಳಿದವನು, ವಯಸ್ಸಾಯಿತೆಂದು ತಂಡ ಕೈಬಿಟ್ಟ ಮೇಲೆ ಮೂರು ತಿಂಗಳು ಓಡಿ ಇಲ್ಲಿಗೆ ಬಂದಿದ್ದ. ಆಟಗಾರನಾಗಿ ಉಳಿಯಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಹಿಂದಿನಿಂದ ಅವನ ಊರಿನ ಶಾಲೆಯ ಯಮನಮ್ಮ ಟೀಚರ್ ಬಂದರು. ಸಕ್ಕರೆ ಕಾಯಿಲೆ ಎಂದು ಡಾಕ್ಟರ್ ಹೇಳಿದಂದಿನಿಂದ ಏಳು ವರ್ಷ ದಿನವೂ ಓಡಿದವರು.

“ಯಾಕೋ ಮಲ್ಲೇಶಾ, ದಮ್ಮು ಹತ್ತೇತೇನು?”

“ದಮ್ಮು ಐತ್ರಿ ಅಕ್ಕೋರ. ಕಾಲು ಕೇಳವಲ್ದು.”

“ನನ್ನ ಜೋಡಿ ನಡ್ಕೊಂತ ಬಾ, ಹಿಡ್ಕೊಂಡಿದ್ದು ಬಿಡ್ತೈತಿ.”

ಅವರು ಓಟ ನಿಲ್ಲಿಸಿ ಅವನ ಪಕ್ಕದಲ್ಲಿ ನಡೆದರು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ, ಈ ಕಾಲು ಕೊನೆಯವರೆಗೆ ಬರುವುದಿಲ್ಲ, ತನ್ನಿಂದ ಅವರ ಓಟವೂ ಕೆಡುತ್ತದೆ ಎಂದು ಮಲ್ಲೇಶನಿಗೆ ತಿಳಿದುಹೋಯಿತು.

“ಬಿಟ್ಟೈತ್ರಿ ಅಕ್ಕೋರ,” ಎಂದು ನಕ್ಕ. “ನೀವು ಓಡ್ರಿ. ನಾ ಹಿಂದಿಂದ ಬರಾಕತ್ತೀನಿ.”

ಅವರು ನಂಬಿ ಓಡಿದರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಓಡುವವನಂತೆ ಕೈ ಬೀಸುತ್ತ ಕುಂಟಿದ. ಆಮೇಲೆ ನಿಂತು, ಎದೆಯ ಮೇಲಿನ ಓಟದ ನಂಬರು ಚೀಟಿಯ ನಾಲ್ಕು ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿದ.