ಯಾರೂ ಒತ್ತದ ಕೆಂಪು ಗುಂಡಿ

ಶಿಮೊಕಾವಾ ಹಿಸಾಯೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬುದು ನಗರಸಭೆಯಿಂದ ತನಿಖೆಗೆ ಬಂದ ಅಧಿಕಾರಿ ಕುರಾಮೊಚಿಗೆ ಹತ್ತೇ ನಿಮಿಷದಲ್ಲಿ ಖಾತ್ರಿಯಾಯಿತು.

ತೊರಿಗಾಸಾಕಿಯ ಅಗ್ನಿಶಾಮಕ ಠಾಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ತುರ್ತು ಕರೆ ಎತ್ತುವವಳು ಅವಳೇ. ಆರು ತಿಂಗಳ ಹಿಂದೆ ಅವಳ ಪಕ್ಕದಲ್ಲಿ ಕೃತಕ ಬುದ್ಧಿಯ ಯಂತ್ರವೊಂದು ಬಂದು ಕೂತಿತ್ತು. ಕರೆ ಮಾಡಿದವರ ದನಿ ಕೇಳಿ, ಬೆಂಕಿ ಎಷ್ಟು ದೊಡ್ಡದು, ಎಷ್ಟು ವಾಹನ ಹೋಗಬೇಕು ಎಂದು ಹೇಳುವುದು ಅದರ ಕೆಲಸ. ಹೇಳಿದ್ದು ಸರಿಯಿದ್ದರೆ ಹಿಸಾಯೆ ಹಸಿರು ಗುಂಡಿ ಒತ್ತಬೇಕು, ತಪ್ಪಿದ್ದರೆ ಕೆಂಪು. ಕೆಂಪು ಒತ್ತಿದರೆ ಮೂವರ ಮುದ್ರೆ ಬಿದ್ದ ವರದಿಯನ್ನು ಮರುದಿನ ಬೆಳಿಗ್ಗೆ ಇಡೀ ಠಾಣೆಯ ಎದುರು ಓದಬೇಕು. ಯಂತ್ರವನ್ನು ಕಣ್ಣುಮುಚ್ಚಿ ನಂಬಬಾರದೆಂದು ಈ ನಿಯಮ ಬರೆದವನು ಖುದ್ದು ಕುರಾಮೊಚಿ.

ಆರು ತಿಂಗಳಲ್ಲಿ ಮುನ್ನೂರ ಹನ್ನೆರಡು ಕರೆ. ಮುನ್ನೂರ ಹನ್ನೆರಡೂ ಹಸಿರು. ಕುರಾಮೊಚಿಯ ಮನೆಯ ಅನ್ನದ ಕುಕ್ಕರ್ ಕೂಡ ಅಷ್ಟರಲ್ಲಿ ಎರಡು ಸಲ ಕೈಕೊಟ್ಟಿತ್ತು.

ಇನ್ನೊಂದು ಸಂಗತಿಯೂ ಅವನ ಕಣ್ಣಿಗೆ ಬಿತ್ತು. ನಲವತ್ತೊಂದು ಸಲ, ಹಸಿರು ಒತ್ತಿದ ಮರುಕ್ಷಣವೇ, ಅವಳು ಹಿಂದಿನ ಶೆಡ್ಡಿನಲ್ಲಿರುವ ಎರಡನೇ ತಂಡದ ಮುಖ್ಯಸ್ಥ ಉನೊಗೆ ಫೋನ್ ಮಾಡಿದ್ದಳು. ಏನು ಮಾತು ಎಂದು ಕೇಳಿದ.

"ಹೀಗೇ ಸಾರ್, ಏನೋ ಚಿಲ್ಲರೆ ಮಾತು."

ಎಲ್ಲೋ ಮನೆ ಉರಿಯುತ್ತಿರುವಾಗ ಈಕೆಗೆ ಹರಟೆ. ಕುರಾಮೊಚಿಗೆ ಸಿಟ್ಟು ಬಂತು. ಆದರೂ ಇಪ್ಪತ್ತೆಂಟು ವರ್ಷದ ಸೇವೆ, ಪಾಪ ಎನಿಸಿತು.

"ಯಂತ್ರದ್ದು ಒಂದೇ ಒಂದು ತಪ್ಪು ಹೇಳಿ. ಒಂದು ಸಾಕು, ನಿಮ್ಮ ಕುರ್ಚಿ ಉಳಿಸ್ತೀನಿ."

ಹಿಸಾಯೆ ಬಾಗಿಲ ಕಡೆ ನೋಡಿದಳು. ಓಡಾಡಿ, ಮೇಲಿನವರ ಕೈಕಾಲು ಹಿಡಿದು ಈ ಯಂತ್ರ ತರಿಸಿದ ಠಾಣೆಯ ಹಿರಿಯ ಅಧಿಕಾರಿ ಬಾಂದೊ ಅಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ.

"ಅದು ತುಂಬ ಚೆನ್ನಾಗಿ ಕೆಲಸ ಮಾಡ್ತಿದೆ ಸಾರ್," ಎಂದಳು.

ಮಧ್ಯಾಹ್ನ ಮೇಯರ್ ಎದುರಿಗೆ ಕುರಾಮೊಚಿ ವರದಿ ಓದಿದ. ಯಂತ್ರ ಒಮ್ಮೆಯೂ ತಪ್ಪಿಲ್ಲ. ಸೋಮವಾರದಿಂದ ಅದರ ಪಕ್ಕದಲ್ಲಿ ಮನುಷ್ಯರು ಕೂರುವ ಅಗತ್ಯವಿಲ್ಲ. ಬಾಂದೊನ ಕಣ್ಣು ತುಂಬಿ ಬಂತು. ಮೊದಲು ಚಪ್ಪಾಳೆ ತಟ್ಟಿದವಳು ಹಿಸಾಯೆ.

ಹೊರಡುವಾಗ ಶೆಡ್ಡಿನ ಬಳಿ ಉನೊ ಸಿಕ್ಕ. ಇನ್ನು ಮೇಲೆ ನಿಮ್ಮ ಹರಟೆ ಬಂದ್ ಎಂದು ಕುರಾಮೊಚಿ ಚುಚ್ಚಿದ.

ಉನೊ ಮುಖ ಗಂಟಿಕ್ಕಿದ. "ಹರಟೆನಾ? ಅಕ್ಕ ಹೇಳ್ತಿದ್ದಿದ್ದು 'ಇನ್ನೆರಡು ಗಾಡಿ ತಗೊಂಡು ಹೊರಡು' ಅಂತ. ನಮ್ಮ ಜನ ಗೊತ್ತಲ್ಲ ಸಾರ್. ಸೂರು ಹತ್ತಿ ಉರೀತಿದ್ರೂ 'ತೊಂದರೆ ಕೊಡ್ತಿದ್ದೀವಿ, ಕ್ಷಮಿಸಿ, ಅಕ್ಕಪಕ್ಕದವರಿಗೆ ಗೊತ್ತಾಗುತ್ತೆ, ಸೈರನ್ ಹಾಕದೆ ಬನ್ನಿ' ಅಂತ ಮೆಲ್ಲಗೆ ಅಂತಾರೆ. ಯಂತ್ರ ಆ ದನಿ ಕೇಳಿ ಸಣ್ಣ ಬೆಂಕಿ ಅಂದ್ಕೊಂಡು ಒಂದೇ ಗಾಡಿ ಕಳಿಸುತ್ತೆ. ಅಕ್ಕನಿಗೆ ಅರ್ಥ ಆಗುತ್ತೆ. ನಾವು ಹೋಗಿ ಆರಿಸಿ ಬಂದು, ಪುಸ್ತಕದಲ್ಲಿ ಅಭ್ಯಾಸಕ್ಕೆ ಗಾಡಿ ಓಡಿಸಿದ್ದು ಅಂತ ಬರೀತಿದ್ವಿ."

ಕುರಾಮೊಚಿ ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದ. ಹಿಸಾಯೆ ಮೇಜು ಖಾಲಿ ಮಾಡುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದು ಏದುಸಿರು ಬಿಡುತ್ತ ಕೇಳಿದ.

"ಬಾಂದೊ ಸಾರ್ ಅಷ್ಟು ಆಸೆಯಿಂದ ತಂದಿದ್ದು. ನಾಲ್ಕು ಜನರ ಮುಂದೆ ಅವರ ಮುಖ ಸಣ್ಣದು ಮಾಡೋಕೆ ಮನಸ್ಸು ಬರಲಿಲ್ಲ."

ಕುರಾಮೊಚಿಯ ಮೈ ಉರಿಯಿತು. ನಲವತ್ತೊಂದು ಮನೆ. ಸೋಮವಾರದಿಂದ ಆ ಫೋನ್ ಮಾಡಲು ಯಾರೂ ಇರುವುದಿಲ್ಲ. ಮರ್ಯಾದೆಗಾಗಿ ಊರನ್ನೇ ಸುಡುವ ಮಂದಿ ಎಂದು ಬೈದುಕೊಳ್ಳುತ್ತ, ವರದಿ ಹಿಂದೆ ಪಡೆಯುತ್ತೇನೆಂದು ಹೇಳಲು ಅಲ್ಲಿಂದಲೇ ಬಾಂದೊಗೆ ಫೋನ್ ಮಾಡಿದ.

ಆ ಕಡೆ ಬಾಂದೊ ಫೋನ್ ಎತ್ತಿದವನೇ ತಾನೇ ಮಾತು ಶುರುಮಾಡಿದ. "ಕುರಾಮೊಚಿ ಸಾರ್, ನನ್ನ ಇಷ್ಟು ವರ್ಷದ ಸೇವೆ ಇವತ್ತು ಸಾರ್ಥಕ ಆಯ್ತು. ಮೇಯರ್ ಪಕ್ಕದಲ್ಲೇ ಇದ್ದಾರೆ. ನೀವು ಏನೋ ಹೇಳೋಕೆ ಫೋನ್ ಮಾಡಿದ್ರಿ?"

ಕುರಾಮೊಚಿ ಕೈಯಲ್ಲಿದ್ದ ಫೋನಿಗೇ ಸೊಂಟ ಬಗ್ಗಿಸಿ ನಮಸ್ಕರಿಸಿ, ಇನ್ನೊಮ್ಮೆ ಅಭಿನಂದನೆ ಹೇಳಿದ.