ಗೊಂಡ್ವೆಯವರು ಬರೆಯುವುದನ್ನು ಯಾಕೆ ಬಿಟ್ಟರು?

ತೆಮ್ವಾ ಆಫ್ರಿಕಾದ ಮಲಾವಿ ದೇಶದ ಹುಡುಗಿ... ಕಂಪ್ಯೂಟರ್ ಓದಲು ಮೈಸೂರಿಗೆ ಬಂದಿದ್ದಳು.

ಹಾಸ್ಟೆಲಿನಲ್ಲಿ ಎಲ್ಲರೂ ಅವಳನ್ನು ಕೇಳುತ್ತಿದ್ದದ್ದು ಒಂದೇ... "ನಿಮ್ಮೂರಲ್ಲಿ ಸಿಂಹ ರೋಡಿಗೆ ಬರುತ್ತಾ?"

ಅವಳು ನಗುತ್ತಿದ್ದಳು. ಒಳಗೆ ಮಾತ್ರ ಚುಚ್ಚುತ್ತಿತ್ತು.

ಆಫ್ರಿಕಾದಲ್ಲಿ ಎಷ್ಟೋ ಜನ ಬ್ಲಾಗ್ ಬರೆಯುತ್ತಾರೆ... ಅಡುಗೆ, ರಾಜಕೀಯ, ಪ್ರೇಮ, ಬಸ್ಸಿನ ಜಗಳ. ಆದರೆ ಒಬ್ಬೊಬ್ಬರದು ಒಂದೊಂದು ಮೂಲೆ. ಹುಡುಕಿದರೂ ಸಿಗುವುದಿಲ್ಲ.

ಅವರೆಲ್ಲರ ಬರಹ ಒಂದೇ ಕಡೆ ಕಾಣುವಂತೆ ಒಂದು ವೆಬ್‌ಸೈಟ್ ಮಾಡಿದರೆ ಹೇಗೆ?

ರೂಮ್‌ಮೇಟ್ ಸಿಂಚನಾಳನ್ನು ಜೊತೆಗೆ ಸೇರಿಸಿಕೊಂಡು ಮಾಡಿಯೇಬಿಟ್ಟಳು.

ಯಾರು ಹೊಸದಾಗಿ ಬರೆದರೂ ತಾನಾಗಿಯೇ ಆ ಪುಟಕ್ಕೆ ಬಂದು ಸೇರುತ್ತಿತ್ತು. ಯಾವ ದೇಶವಾದರೂ ಸರಿ, ಯಾವ ಭಾಷೆಯಾದರೂ ಸರಿ... ಓದಿದವರು ಅಲ್ಲೇ ಕಾಮೆಂಟ್ ಹಾಕಿದರೆ ಬರೆದವರಿಗೆ ತಲುಪುತ್ತಿತ್ತು.

ಮೊದಲು ಲಿಂಕ್ ಕಳಿಸಿದ್ದು ಅಮ್ಮನಿಗೆ.

ಅಮ್ಮ ಮಲಾವಿಯ ಮ್ಜುಜು ಪಟ್ಟಣದಲ್ಲಿ ಟೈಲರ್. ಇಂಗ್ಲಿಷ್ ಬಾರದು... ಮನೆಮಾತು ತುಂಬುಕಾ ಮಾತ್ರ ಓದಬಲ್ಲಳು.

ಆ ಪುಟದಲ್ಲಿ ತುಂಬುಕಾದಲ್ಲಿ ಬರೆಯುತ್ತಿದ್ದವರು ಒಬ್ಬರೇ... ಗೊಂಡ್ವೆ ಎಂಬ ಹಿರಿಯರು. ರೇಡಿಯೋದಲ್ಲಿ ಸುದ್ದಿ ಓದಿ ರಿಟೈರ್ ಆದವರು.

ಮೀನಿನ ಲಾರಿ ಕೆಟ್ಟು ನಿಂತಾಗ ಡ್ರೈವರೇ ಮೀನು ಹಂಚಿ, ಊರಿಗೆ ಊರೇ ಹುರಿದು ತಿಂದದ್ದು... ಹೆಂಡತಿಯ ಮೇಲೆ ಮುನಿಸಿಕೊಂಡು ತಾವು ಚರ್ಚಿನಲ್ಲಿ ಬೇರೆ ಬೆಂಚಿಗೆ ಹೋಗಿ ಕೂತದ್ದು... ಇಂಥವೇ.

ಅಮ್ಮ ಅಂಗಡಿಯಲ್ಲಿ ಅದನ್ನು ಜೋರಾಗಿ ಓದುತ್ತಿದ್ದಳು. ಬಟ್ಟೆ ಹೊಲಿಸಲು ಬಂದ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಆಮೇಲೆ ಎಲ್ಲರೂ ಸೇರಿ ಒಂದು ಕಾಮೆಂಟ್ ಹಾಕುತ್ತಿದ್ದರು... ಕೆಳಗೆ 'ಟೈಲರ್ ಅಂಗಡಿಯವರು' ಎಂದು ಹೆಸರು.

ವೆಬ್‌ಸೈಟ್ ಬೆಳೆಯಿತು. ಒಂದು ಕಂಪನಿ ಜಾಹೀರಾತು ಕೊಡಲು ಮುಂದೆ ಬಂತು... ಒಂದು ಕಂಡೀಷನ್ ಹಾಕಿತು.

"ಅರ್ಥವಾಗದ ಭಾಷೆ ಕಂಡ ಕೂಡಲೇ ಜನ ಪುಟ ಮುಚ್ಚಿ ಹೋಗ್ತಾರೆ. ಇಂಗ್ಲಿಷ್, ಫ್ರೆಂಚ್ ಇರಲಿ. ಉಳಿದದ್ದು ತೆಗೆದುಬಿಡಿ. ಸೈಟ್ ಇಂಪ್ರೂವ್ ಆಗುತ್ತೆ."

ತೆಮ್ವಾ ಹಿಂದೆ ಮುಂದೆ ನೋಡಿದಳು. "ಬರೆಯೋರಿಗೆ ಬೇಜಾರಾಗಲ್ವಾ ಸಿಂಚನಾ?"

"ಅಯ್ಯೋ ಬಿಡೇ... ನಮ್ ಕನ್ನಡ ಬ್ಲಾಗೇ ಯಾರೂ ಓದಲ್ಲ. ಇನ್ನು ನಿಮ್ ತುಂಬುಕಾ ಯಾರು ಓದ್ತಾರೆ?"

ಒಂದು ಸೆಟ್ಟಿಂಗ್ ಬದಲಾಯಿತು... ಅಷ್ಟೇ. ಯಾರಿಗೂ ಹೇಳಲಿಲ್ಲ.

ಪುಟ ಚೊಕ್ಕವಾಯಿತು. ಓದುಗರು ಹೆಚ್ಚಿದರು. ಕಾಲೇಜಿನಲ್ಲಿ ಇಬ್ಬರಿಗೂ ಶಾಲು ಹೊದಿಸಿ ಸನ್ಮಾನ ಮಾಡಿದರು.

ಸ್ವಲ್ಪ ದಿನದ ಮೇಲೆ ಅಮ್ಮ ಫೋನಿನಲ್ಲಿ ಅಂದಳು... "ಗೊಂಡ್ವೆಯವರು ಬರೆಯೋದೇ ಬಿಟ್ರು ಕಣಮ್ಮ. ಏನಾಯ್ತೋ ಪಾಪ."

ತೆಮ್ವಾಗೆ ಕಾರಣ ಗೊತ್ತಿತ್ತು... ಅವರ ಬರಹ ಈಗ ಪುಟಕ್ಕೆ ಬರುತ್ತಿರಲಿಲ್ಲ. ಹೇಳಲು ಮುಜುಗರ... ಕಂಪನಿಯವರ ಮೀಟಿಂಗಿಗೂ ಹೊತ್ತಾಗಿತ್ತು.

"ವಯಸ್ಸಾಯ್ತಲ್ಲಮ್ಮ... ಸುಸ್ತಾಗಿರಬೇಕು" ಅಂದುಬಿಟ್ಟಳು.

ಓದು ಮುಗಿಸಿ ಅವಳು ಊರಿಗೆ ಹೋದ ವಾರವೇ ಅಮ್ಮ ಒಂದು ಸುದ್ದಿ ತಂದಳು.

"ಗೊಂಡ್ವೆಯವರು ತೀರಿಹೋದ್ರಂತೆ. ಇದೇ ಊರಲ್ಲೇ ಇದ್ರಂತೆ ನೋಡು, ನಮಗೆ ಗೊತ್ತೇ ಇರ್ಲಿಲ್ಲ... ಬಾ, ಅವರ ಮನೆಯವರನ್ನ ಮಾತಾಡಿಸಿಕೊಂಡು ಬರೋಣ."

ಗೊಂಡ್ವೆಯವರ ಹೆಂಡತಿ ಎಸ್ನಾತ್ ಚಾಪೆಯ ಮೇಲೆ ಕೂತಿದ್ದರು. ಅಮ್ಮ ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು.

"ಅಕ್ಕಾ, ನಾನು ಟೈಲರ್ ಅಂಗಡಿಯವಳು. ಅವರು ಬರೆದದ್ದು ಓದಿ ಅಂಗಡಿ ತುಂಬ ನಗ್ತಿದ್ವಿ. ಯಾಕೆ ಬಿಟ್ಟುಬಿಟ್ರು?"

ಎಸ್ನಾತ್ ಅಮ್ಮನ ಮುಖವನ್ನೇ ನೋಡಿದರು. ಕೈ ಬಿಡಿಸಿಕೊಂಡರು.

"ಮೊದಲು ಬಿಟ್ಟಿದ್ದು ನೀವಲ್ವಾ?"

"ಬರೆದು ಬರೆದು ಫೋನ್ ಹಿಡ್ಕೊಂಡು ಕೂತಿರೋರು ನಮ್ಮನೆಯವ್ರು. ಟೈಲರ್ ಅಂಗಡಿಯವ್ರು ಏನಾದ್ರೂ ಹೇಳಿದ್ದಾರಾ ಅಂತ... ಒಂದು ಮಾತೂ ಬರ್ಲಿಲ್ಲ. 'ಬೇಜಾರಾಗಿರಬೇಕು ಅವ್ರಿಗೆ, ಮುದುಕನ ಮಾತು ಎಷ್ಟು ಅಂತ ಕೇಳ್ತಾರೆ' ಅಂದ್ರು. ಒಂದಿನ ಕೂತು ಬರೆದದ್ದೆಲ್ಲ ಅಳಿಸಿಬಿಟ್ರು... ಆಮೇಲೆ ಮನೇಲೂ ಮಾತು ಕಮ್ಮಿಯಾಯ್ತು."



ಬರೆದವರ, ಓದುವವರ ನಡುವೆ ಏನು ಕಡಿದುಹೋಗಿತ್ತು ಎಂದು ಅಲ್ಲಿ ಗೊತ್ತಿದ್ದದ್ದು ತೆಮ್ವಾಗೆ ಮಾತ್ರ... ಸುಮ್ಮನೆ ಎದ್ದು ಬರಬಹುದಿತ್ತು. ಆಗಲಿಲ್ಲ.

"ನಮ್ಮಮ್ಮ ಓದೋದು ಬಿಡಲಿಲ್ಲ ದೊಡ್ಡಮ್ಮ... ಅವರ ಬರಹ ಇವರಿಗೆ ಕಾಣದ ಹಾಗೆ ಮಾಡಿದ್ದು ನಾನು" ಎಂದು ನಡೆದದ್ದೆಲ್ಲ ಹೇಳಿದಳು.

ಎಸ್ನಾತ್ ಬೈಯಲಿಲ್ಲ. ಅಳಲೂ ಇಲ್ಲ.

"ಇದನ್ನ ಅವ್ರಿದ್ದಾಗ ಹೇಳಿದ್ರೆ, ನಿನ್ನ ಮೇಲೆ ಸಿಟ್ಟಾಗಿ ಅದನ್ನೂ ಒಂದು ಬರಹ ಮಾಡ್ತಿದ್ರು. ಈಗ ನಾನು ಇದನ್ನ ಇಟ್ಕೊಂಡು ಏನು ಮಾಡ್ಲಿ?"

ವಾಪಸ್ ಮನೆ ಹತ್ತಿರ ಬಂದಾಗ ಅಮ್ಮ ಒಂದೇ ಒಂದು ಕೇಳಿದಳು.

"ನಾನಾಡೋ ಭಾಷೆ... ನಿನ್ನ ಪುಟಕ್ಕೆ ಗಲೀಜಾಯ್ತಾ?"

ತೆಮ್ವಾ ಅಲ್ಲೇ ಅತ್ತುಬಿಟ್ಟಳು. ಅಮ್ಮ ಸಮಾಧಾನ ಮಾಡಲಿಲ್ಲ.

ಆಮೇಲೆ ತೆಮ್ವಾ ಎಲ್ಲ ಭಾಷೆಗಳನ್ನೂ ವಾಪಸ್ ಸೇರಿಸಿದಳು. ಕಂಪನಿ ಬಿಟ್ಟುಹೋಯಿತು... ಓದುಗರೂ ಕಡಿಮೆಯಾದರು.

ಕೈಬಿಟ್ಟಿದ್ದ ಬರಹಗಾರರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಕ್ಷಮೆ ಕೇಳಿದಳು. ಕೆಲವರು ಬಂದರು. ಹೆಚ್ಚಿನವರು ಆಗಲೇ ಬರೆಯುವುದನ್ನೇ ಬಿಟ್ಟಿದ್ದರು.

ಆ ಪುಟದಲ್ಲಿ ತುಂಬುಕಾ ಎಂದು ಒತ್ತಿದರೆ ಇವತ್ತಿಗೂ ಏನೂ ಬರುವುದಿಲ್ಲ...

ಒಬ್ಬರ ಮಾತು ನಿಲ್ಲಿಸಲು ಅವರ ಬಾಯಿ ಮುಚ್ಚಿಸಬೇಕಿಲ್ಲ... ಕೇಳುವವರನ್ನು ದೂರ ಮಾಡಿದರೆ ಸಾಕು.

ನಿಮ್ಮ ಪರಿಚಯದಲ್ಲೂ ಬರೆಯುತ್ತಲೋ ಹಾಡುತ್ತಲೋ ಇದ್ದು, ಈಚೆಗೆ ಸುಮ್ಮನಾದವರು ಇರಬಹುದು. ಅವರಾಗಿಯೇ ಬಿಟ್ಟರೋ... ನಾವು ಬಿಡಿಸಿದೆವೋ?